ಲಾಲಾ ಹರದಯಾಳರ ಗದ್ಯಗ್ರಂಥಗಳು: ಒಂದು ವಿಮರ್ಶೆ

೧

ಭಾರತದ ಸ್ವಾತಂತ್ರ್ಯಕ್ಕಾಗಿ ಪರದೇಶಗಳಲ್ಲಿ ನೆಲಸಿ ಹೋರಾಡಿದ ಕ್ರಾಂತಿಕಾರರಲ್ಲಿ ಲಾಲಾ ಹರದಯಾಳರ (೧೮೮೪–೧೯೩೯) ಸ್ಥಾನವು ವಿಲಕ್ಷಣವಾದುದು. ಅವರ ಹೆಸರು ಎರಡು ವರ್ಗದ ವಾಚಕರಿಗೆ ಪರಿಚಿತವಾಗಿದೆ. ಆದರೆ ಆ ಎರಡು ವರ್ಗಗಳಿಗೆ ಪರಸ್ಪರ ಸಂಪರ್ಕವು ಬಹು ಕಡಮೆ. ರಾಷ್ಟ್ರೀಯ ಚಳವಳಿಯ ಚರಿತ್ರೆಯನ್ನು ಓದುವವರು ಅವರನ್ನು ೧೯೧೩ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟ ‘ಗದರ್’ ಪತ್ರಿಕೆಯ ಸಂಪಾದಕರೆಂದು ಬಲ್ಲರು. ಬೌದ್ಧಸಂಸ್ಕೃತ ವಾಙ್ಮಯವನ್ನು ಅಭ್ಯಾಸಮಾಡುವವರು ೧೯೩೨ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ದಿ ಬೋಧಿಸತ್ತ್ವ ಡಾಕ್ಟ್ರಿನ್ ಇನ್ ಬುದ್ಧಿಸ್ಟ್ ಸ್ಯಾನ್ಸ್‌ಕ್ರಿಟ್ ಲಿಟರೇಚರ್’ ಎಂಬ ಗ್ರಂಥದ ಕರ್ತೃವೆಂದು ಬಲ್ಲರು. ಇವೆರಡರ ನಡುವೆ ೧೯೨೦ರಲ್ಲಿ ಹೊರಬಂದ ಒಂದು ಸಣ್ಣ ಪುಸ್ತಕವಿದೆ. ಕ್ರಾಂತಿಕಾರನು ತನ್ನ ಹಿಂದಿನ ಮತವನ್ನು ತಾನೇ ಖಂಡಿಸಿದ ಈ ಪುಸ್ತಕವು ದೇಶಾಭಿಮಾನಿಗಳಿಗೆ ಮುಜುಗರವನ್ನುಂಟುಮಾಡುವಂಥದು, ಸಂಸ್ಕೃತಪಂಡಿತರಿಗೆ ಅಪ್ರಸ್ತುತವಾದುದು. ಆದುದರಿಂದ ಅದು ಎರಡು ಕಡೆಯವರಿಗೂ ಬೇಡವಾಗಿ ಉಳಿದಿದೆ.

ಹೀಗೆ ಒಬ್ಬನೇ ಲೇಖಕನು ಮೂವರಾಗಿ ಕಾಣುವಾಗ ವಿಮರ್ಶೆಯ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಈ ಬರಹಗಳನ್ನು ಒಟ್ಟುಗೂಡಿಸುವ ಸೂತ್ರವೊಂದು ಇದೆಯೆ, ಎಂಬುದು ಮೊದಲನೆಯದು. ಮತ್ತೊಬ್ಬರನ್ನು ಪ್ರಾಣತ್ಯಾಗಕ್ಕೆ ಕರೆದ ಲೇಖಕನು ಅನಂತರ ಆ ಕರೆಯನ್ನು ಹಿಂತೆಗೆದುಕೊಂಡರೆ ಅವನ ಮಾತಿಗೆ ಯಾವ ಬೆಲೆ ಉಳಿಯುತ್ತದೆ, ಎಂಬುದು ಎರಡನೆಯದು. ಮೊದಲನೆಯದು ಸಾಹಿತ್ಯಕ್ಕೆ ಸೇರಿದುದು. ಎರಡನೆಯದು ಸಾಹಿತ್ಯಕ್ಕೂ ಧರ್ಮಕ್ಕೂ ಸೇರಿದುದು. ಇವೆರಡನ್ನೂ ಗ್ರಂಥಗಳ ಆಧಾರದ ಮೇಲೆಯೇ ವಿಚಾರಿಸುವುದು ಯುಕ್ತವಾಗಿದೆ.

೨

ಹರದಯಾಳರ ಜೀವನವೃತ್ತಾಂತವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ದೆಹಲಿಯ ಕಾಯಸ್ಥ ಮನೆತನದಲ್ಲಿ ಹುಟ್ಟಿ, ಅಲ್ಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿಯೂ ಲಾಹೋರಿನಲ್ಲಿಯೂ ಓದಿ, ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ೧೯೦೫ರಲ್ಲಿ ಅವರು ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರು. ೧೯೦೭ರಲ್ಲಿ ಆ ವೇತನವನ್ನು ತಾವಾಗಿಯೇ ತ್ಯಜಿಸಿದರು. ಶ್ಯಾಮಜಿ ಕೃಷ್ಣವರ್ಮರ ‘ಇಂಡಿಯನ್ ಸೋಷಿಯಾಲಜಿಸ್ಟ್’ ಪತ್ರಿಕೆಗೆ ಬರೆದರು. ೧೯೦೯ರಲ್ಲಿ ಪ್ಯಾರಿಸ್ಸಿನಲ್ಲಿದ್ದುಕೊಂಡು ಮೇಡಮ್ ಕಾಮಾ ಅವರು ಹೊರಡಿಸಿದ ‘ಬಂದೇ ಮಾತರಂ’ ಪತ್ರಿಕೆಯನ್ನು ಸಂಪಾದಿಸಿದರು. ೧೯೧೧ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ತತ್ತ್ವಶಾಸ್ತ್ರವನ್ನು ಬೋಧಿಸಿ, ಅರಾಜಕವಾದಿಗಳ ಸಹವಾಸವು ಆಕ್ಷೇಪಕ್ಕೆ ಗುರಿಯಾದುದರಿಂದ ಆ ಉದ್ಯೋಗವನ್ನೂ ಬಿಟ್ಟರು.

ಈ ತ್ಯಾಗಗಳ ಸರಣಿಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹರದಯಾಳರು ಬಿಟ್ಟುಕೊಟ್ಟುದೆಲ್ಲ ವಿದ್ಯೆಯಿಂದ ಬರುವ ಪದವಿಯನ್ನೇ ಹೊರತು ವಿದ್ಯೆಯನ್ನಲ್ಲ. ವಿದ್ವಾಂಸನು ತನ್ನ ಸಿದ್ಧಿಯನ್ನು ತಾನು ಅನುಭವಿಸಬಹುದೆ, ಇತರರಿಗಾಗಿ ಮುಂದೂಡಬೇಕೆ ಎಂಬ ಪ್ರಶ್ನೆ ಅವರ ಮೊದಲ ಬರಹಗಳಿಂದಲೇ ಇದೆ. ೧೯೧೨ರ ಮಾರ್ಚಿಯಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ ಮಾಸಪತ್ರಿಕೆಯಲ್ಲಿ ಅಚ್ಚಾದ ‘ಕಾರ್ಲ್ ಮಾರ್ಕ್ಸ್: ಎ ಮಾಡರ್ನ್ ರಿಷಿ’ ಎಂಬ ಲೇಖನವು ಇದಕ್ಕೆ ಒಳ್ಳೆಯ ನಿದರ್ಶನ. ಭಾರತೀಯನೊಬ್ಬನು ಮಾರ್ಕ್ಸನನ್ನು ಕುರಿತು ಬರೆದ ತೀರ ಮೊದಲಿನ ಲೇಖನಗಳಲ್ಲಿ ಇದೂ ಒಂದು. ಆದರೂ ಇದು ಮಾರ್ಕ್ಸನ ಮತದ ಪ್ರತಿಪಾದನೆಯಲ್ಲ. ಚರಿತ್ರೆಯೆಲ್ಲವೂ ಆರ್ಥಿಕ ಕಾರಣಗಳಿಂದಲೇ ನಡೆಯುತ್ತದೆಂಬ ವಾದವನ್ನು ಲೇಖಕರು ಏಕದೇಶೀಯವೆಂದು ಒಪ್ಪದೆ ಬಿಡುತ್ತಾರೆ. ಅವರ ಮನಸ್ಸನ್ನು ಸೆಳೆದುದು ಮಾರ್ಕ್ಸನ ಸಿದ್ಧಾಂತವಲ್ಲ, ಅವನ ದಾರಿದ್ರ್ಯ. ಬಡವರಿಗಾಗಿ ಪಾಂಡಿತ್ಯವನ್ನು ಸವೆಯಿಸಿದ ಅವನ ಬಾಳು. ಶೀರ್ಷಿಕೆಯಲ್ಲಿರುವ ‘ಋಷಿ’ ಎಂಬ ಮಾತು ಅಲಂಕಾರಕ್ಕಾಗಿ ಬಂದುದಲ್ಲ. ಲೇಖನದ ತೀರ್ಪೇ ಅದು. ಸಿದ್ಧಾಂತವನ್ನು ಬಿಟ್ಟು ಸಿದ್ಧಾಂತಿಯ ಶೀಲವನ್ನು ಹಿಡಿಯುವ ಈ ಪದ್ಧತಿಯು ಹರದಯಾಳರ ಬಲವೂ ಹೌದು, ದೌರ್ಬಲ್ಯವೂ ಹೌದು.

ಅದೇ ಕಾಲದ ಇತರ ಲೇಖನಗಳಲ್ಲಿ ಅವರು ಭಾರತೀಯ ಯುವಕರ ಅಧ್ಯಾತ್ಮವ್ಯಸನವನ್ನು ಕಠಿನವಾಗಿ ಖಂಡಿಸಿದ್ದಾರೆ. ತತ್ತ್ವಜಿಜ್ಞಾಸೆಯು ಬುದ್ಧಿವಂತರನ್ನು ಲೋಕದ ಕಷ್ಟದಿಂದ ದೂರ ಸರಿಸುತ್ತದೆಂಬುದು ಅವರ ವಾದ. ಇಪ್ಪತ್ತು ವರ್ಷಗಳ ಮೇಲೆ ಬೌದ್ಧದರ್ಶನವನ್ನು ಕುರಿತು ಬರೆಯುವಾಗಲೂ ಈ ವಾದವು ಅವರನ್ನು ಬಿಟ್ಟುಹೋಗಲಿಲ್ಲವೆಂಬುದು ಮುಂದೆ ಕಂಡುಬರುವುದು.

೩

‘ಗದರ್’ ಪತ್ರಿಕೆಯ ಮೊದಲ ಸಂಚಿಕೆಯು ೧೯೧೩ನೆಯ ನವೆಂಬರ್ ೧ರಂದು ಉರ್ದುವಿನಲ್ಲಿ ಹೊರಟಿತು; ಗುರುಮುಖಿಯ ಆವೃತ್ತಿಯು ಅದರ ಮರುತಿಂಗಳಿನಿಂದ ಪ್ರಾರಂಭವಾಯಿತು. ಅದೇ ವರ್ಷ ಪೆಸಿಫಿಕ್ ತೀರದ ಭಾರತೀಯರು ಕಟ್ಟಿಕೊಂಡ ಸಂಘಕ್ಕೆ ಸೋಹನ್ ಸಿಂಗ್ ಭಕ್ನಾ ಅಧ್ಯಕ್ಷರು, ಹರದಯಾಳರು ಕಾರ್ಯದರ್ಶಿಗಳು. ಅದರ ಸದಸ್ಯರಲ್ಲಿ ಬಹುಮಂದಿ ಪಂಜಾಬಿನಿಂದ ಹೋಗಿ ಮರದ ಕಾರ್ಖಾನೆಗಳಲ್ಲಿಯೂ ಹೊಲಗಳಲ್ಲಿಯೂ ದುಡಿಯುತ್ತಿದ್ದವರು. ಕೆಲವರು ಹಿಂದೆ ಬ್ರಿಟಿಷ್ ಸೈನ್ಯದಲ್ಲಿದ್ದವರು. ೧೯೦೭ರಲ್ಲಿ ಬೆಲ್ಲಿಂಗ್‌ಹ್ಯಾಮ್ ಪಟ್ಟಣದಿಂದ ಇಂಥ ಕೂಲಿಗಾರರನ್ನು ಬಿಳಿಯರ ಗುಂಪು ಹೊಡೆದಟ್ಟಿತ್ತು. ೧೯೦೮ರಲ್ಲಿ ಕೆನಡಾ ಸರ್ಕಾರವು, ಸ್ವದೇಶದಿಂದ ಎಲ್ಲಿಯೂ ಹಡಗು ಬದಲಾಯಿಸದೆ ನೇರವಾಗಿ ಬಂದವರಿಗಲ್ಲದೆ ಪ್ರವೇಶವಿಲ್ಲವೆಂಬ ನಿಯಮದಿಂದ ಅವರಿಗೆ ಬಾಗಿಲು ಮುಚ್ಚಿತ್ತು. ಆಕ್ಸ್‌ಫರ್ಡಿನ ವಿದ್ವಾಂಸನು ಇಂಥ ವಾಚಕರಿಗೆ ಬರೆಯಬೇಕಾಗಿ ಬಂದುದು ಅವನ ಗದ್ಯಕ್ಕೆ ಒಂದು ಭಾಗ್ಯವೆನ್ನಬೇಕು.

ಮೊದಲು ಪತ್ರಿಕೆಯ ಹೆಸರನ್ನೇ ನೋಡಬಹುದು. ‘ಗದರ್’ ಎಂಬುದು ಅರಬ್ಬಿಯಿಂದ ಉರ್ದುವಿಗೆ ಬಂದ ಶಬ್ದ; ದ್ರೋಹ, ದಂಗೆ ಎಂದು ಅದರ ಅರ್ಥ. ೧೮೫೭ರ ಸಂಗ್ರಾಮಕ್ಕೆ ಆಳರಸರ ಪಕ್ಷದವರು ಇಟ್ಟ ಹೆಸರು ಅದು. ಕನ್ನಡದಲ್ಲಿಯೂ ಬಹುಕಾಲ ಆ ಸಂಗ್ರಾಮವು ‘ಸಿಪಾಯಿದಂಗೆ’ ಎಂದೇ ಪಾಠಪುಸ್ತಕಗಳಲ್ಲಿ ಕರೆಯಿಸಿಕೊಂಡಿತು. ವಿನಾಯಕ ದಾಮೋದರ ಸಾವರ್ಕರರು ೧೯೦೯ರ ತಮ್ಮ ಗ್ರಂಥದಲ್ಲಿ ಈ ಹೆಸರನ್ನು ತೆಗೆದುಹಾಕಿ ‘ಸ್ವಾತಂತ್ರ್ಯಸಮರ’ವೆಂಬ ಹೆಸರನ್ನು ಸ್ಥಾಪಿಸಹೊರಟರು. ‘ಗದರ್’ ಪತ್ರಿಕೆಯವರು ಹಿಡಿದ ದಾರಿ ಬೇರೆ: ನಿಂದೆಯ ಮಾತನ್ನು ಬದಲಾಯಿಸದೆ ಅದನ್ನೇ ತಲೆಯ ಮೇಲೆ ಹೊತ್ತು ಬಿರುದಾಗಿ ಮಾಡಿಕೊಂಡರು. ತಲೆಬರಹದ ಕೆಳಗೆ ತಮ್ಮ ಪತ್ರಿಕೆಯು ಇಂಗ್ಲಿಷರ ಆಳ್ವಿಕೆಗೆ ಶತ್ರುವೆಂದು ಬಹಿರಂಗವಾಗಿ ಅಚ್ಚುಹಾಕಿದರು. ಈ ‘ಶತ್ರು’ ಶಬ್ದವನ್ನು ವಾಚಕರು ನೆನಪಿನಲ್ಲಿಡಬೇಕು.

ಪತ್ರಿಕೆಯ ರಚನಾಕ್ರಮವು ಇನ್ನೂ ಹೆಚ್ಚು ವಿಚಾರಾರ್ಹವಾಗಿದೆ. ಮೊದಲ ಸಂಚಿಕೆಯ ಪ್ರಧಾನ ಲೇಖನವು ಪ್ರಶ್ನೋತ್ತರರೂಪದಲ್ಲಿದೆ: ನಿಮ್ಮ ಹೆಸರೇನು, ಕೆಲಸವೇನು, ಅದು ಎಲ್ಲಿ, ಏಕೆ ಎಂದು ಕೇಳಿ ಒಂದೊಂದಕ್ಕೂ ಎರಡು ಮೂರು ಮಾತಿನ ಉತ್ತರವನ್ನು ಕೊಡುವ ಕ್ರಮ. ಇನ್ನೊಂದು ಪ್ರಸಿದ್ಧ ಬರಹವು ಉದ್ಯೋಗದ ಜಾಹೀರಾತಿನ ರೂಪವನ್ನು ತಾಳಿದೆ. ಸಂಬಳ, ಬಹುಮಾನ, ವಿಶ್ರಾಂತಿವೇತನ, ಕೆಲಸದ ಸ್ಥಳ ಎಂಬ ಅಂಕಣಗಳಲ್ಲಿ ಮರಣ, ಹುತಾತ್ಮಪದವಿ, ಸ್ವಾತಂತ್ರ್ಯ, ಹಿಂದೂಸ್ಥಾನ ಎಂದು ತುಂಬಲಾಗಿದೆ. ಮೂರನೆಯದು ಇಂಗ್ಲಿಷ್ ಆಳ್ವಿಕೆಯ ‘ಕಚ್ಚಾ ಚಿಟ್ಠಾ’. ವರ್ತಕನ ಲೆಕ್ಕದ ಕಚ್ಚಾಪಟ್ಟಿಯಂತೆ, ದೇಶದಿಂದ ಹೊರಹೋಗುವ ಹಣ, ಕಂದಾಯದ ಭಾರ, ಕ್ಷಾಮದ ಸಾವುಗಳು ಮುಂತಾದುವು ಅದರಲ್ಲಿ ಒಂದರ ಕೆಳಗೊಂದಾಗಿ ಎಣಿಕೆಗೊಂಡಿವೆ. ಈ ಮೂರೂ ರೂಪಗಳು ವಾಚಕರ ಬಾಳಿನಿಂದಲೇ ಎತ್ತಿಕೊಂಡವು. ಪ್ರಶ್ನೋತ್ತರವು ಹಳ್ಳಿಯ ಪಾಠಶಾಲೆಯದು. ಜಾಹೀರಾತು ಸೈನ್ಯಕ್ಕೆ ಭರ್ತಿಯಾದವರಿಗೆ ಗೊತ್ತಿರುವುದು. ಲೆಕ್ಕದ ಪಟ್ಟಿ ಸಾಲದಲ್ಲಿ ಬಿದ್ದ ರೈತನು ಬಲ್ಲದ್ದು. ಓದಲು ಬಾರದವನಿಗೂ ಇನ್ನೊಬ್ಬನು ಓದಿ ಹೇಳಿದರೆ ಒಮ್ಮೆಗೇ ಕಂಠಸ್ಥವಾಗುವ ಗದ್ಯ ಇದು.

ಇದರ ಗುಣವನ್ನು ತಿಳಿಯಲು, ಅದೇ ಅಮೆರಿಕದಲ್ಲಿ ಸ್ವಲ್ಪ ಕಾಲದ ಮೇಲೆ ನಡೆದ ಮತ್ತೊಂದು ಪ್ರಯತ್ನವನ್ನು ಹೋಲಿಸಬಹುದು. ಲಾಲಾ ಲಜಪತ್ ರಾಯರು ೧೯೧೭ರಲ್ಲಿ ನ್ಯೂಯಾರ್ಕಿನಲ್ಲಿ ಹೋಂ ರೂಲ್ ಲೀಗನ್ನು ಸ್ಥಾಪಿಸಿದರು. ಅದರ ಕೆಲಸದಲ್ಲಿ ಕರ್ನಾಟಕದ ಡಾಕ್ಟರ್ ನಾ. ಸು. ಹರ್ಡೀಕರರು ಅವರಿಗೆ ಒತ್ತಾಸೆಯಾಗಿದ್ದರು. ಮರುವರ್ಷ ಆ ಲೀಗಿನಿಂದ ಹೊರಟ ‘ಯಂಗ್ ಇಂಡಿಯಾ’ ಮಾಸಪತ್ರಿಕೆಯ ಗದ್ಯವು ವಕೀಲನ ಗದ್ಯ. ಅಮೆರಿಕದ ವಿದ್ಯಾವಂತರ ನ್ಯಾಯಬುದ್ಧಿಯ ಮುಂದೆ ಆಧಾರಗಳನ್ನು ಮಂಡಿಸುವುದು ಅದರ ಉದ್ದೇಶ. ‘ಗದರ್’ ಅನ್ಯರನ್ನು ಒಪ್ಪಿಸಹೊರಟುದಲ್ಲ, ತನ್ನವರನ್ನು ಎಬ್ಬಿಸಹೊರಟುದು. ಎರಡರಲ್ಲಿಯೂ ಅಂಕಿಅಂಶಗಳಿವೆ, ಒಂದರಲ್ಲಿ ಅವು ಸಾಕ್ಷ್ಯ, ಇನ್ನೊಂದರಲ್ಲಿ ಅವು ಕಹಳೆ.

ಕರ್ತೃತ್ವದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಹರದಯಾಳರು ೧೯೧೪ರ ಮಾರ್ಚಿಯಲ್ಲಿ ಬಂಧನಕ್ಕೊಳಗಾಗಿ, ಜಾಮೀನಿನ ಮೇಲೆ ಹೊರಬಂದು, ಅಮೆರಿಕವನ್ನು ಬಿಟ್ಟು ಸ್ವಿಟ್ಜರ್ಲೆಂಡಿಗೆ ಹೋದರು. ಆದುದರಿಂದ ಅವರ ಸಂಪಾದಕತ್ವದ ಅವಧಿಯು ಸುಮಾರು ಐದು ತಿಂಗಳುಗಳು ಮಾತ್ರ. ಲೇಖನಗಳಿಗೆ ಸಾಮಾನ್ಯವಾಗಿ ಸಹಿಯಿಲ್ಲ. ಉರ್ದುವಿನಿಂದ ಗುರುಮುಖಿಗೆ ತರುವ ಕೆಲಸದಲ್ಲಿಯೂ ಅಚ್ಚಿನ ಕೆಲಸದಲ್ಲಿಯೂ ಕರ್ತಾರ್ ಸಿಂಗ್ ಸರಾಭಾ ಮುಂತಾದ ತರುಣರು ದುಡಿದರು. ೧೯೧೪ರಿಂದ ಪ್ರಕಟವಾದ ‘ಗದರ್ ದೀ ಗೂಂಜ್’ ಎಂಬ ಪದ್ಯಸಂಗ್ರಹಗಳು ಅನಾಮಧೇಯ ಕವಿಗಳವು. ‘ಗದರ್’ ಸಾಹಿತ್ಯವೆಲ್ಲವನ್ನೂ ಹರದಯಾಳರ ತಲೆಗೆ ಕಟ್ಟುವುದು ಅವರಿಗೆ ಸಲ್ಲದ ಗೌರವ. ಆ ಕೂಲಿಗಾರ ಕವಿಗಳಿಗೆ ಮಾಡುವ ಅನ್ಯಾಯ. ಎಣಿಸಿ, ವಿಭಾಗಿಸಿ, ಪಟ್ಟಿಮಾಡಿ ಹೇಳುವ ಆ ಚಾಳಿ ಮಾತ್ರ ಅವರದೆಂದು ಅವರ ಉಳಿದ ಗ್ರಂಥಗಳ ಬಲದಿಂದ ಊಹಿಸಬಹುದಾಗಿದೆ.

೪

ಪತ್ರಿಕೆಯ ಕರೆಗೆ ಓಗೊಟ್ಟು ಸಾವಿರಾರು ಮಂದಿ ಸ್ವದೇಶಕ್ಕೆ ಹಿಂದಿರುಗಿದರು. ೧೯೧೫ರ ಫೆಬ್ರವರಿಯಲ್ಲಿ ನಡೆಯಬೇಕಾಗಿದ್ದ ಸೈನ್ಯದ ದಂಗೆಯು ಗುಟ್ಟು ಹೊರಬಿದ್ದುದರಿಂದ ವಿಫಲವಾಯಿತು. ಲಾಹೋರಿನ ವಿಚಾರಣೆಯಲ್ಲಿ ಶಿಕ್ಷೆಹೊಂದಿ ಕರ್ತಾರ್ ಸಿಂಗನು ಅದೇ ವರ್ಷ ನವೆಂಬರ್ ೧೬ರಂದು ಗಲ್ಲಿಗೇರಿದನು. ಆಗ ಅವನಿಗೆ ಹತ್ತೊಂಬತ್ತು ವರ್ಷ. ಜಾಹೀರಾತಿನಲ್ಲಿ ಹೇಳಿದ ಸಂಬಳವು ಅಕ್ಷರಶಃ ಸಂದಾಯವಾಯಿತು. ಹರದಯಾಳರು ಆಗ ಯೂರೋಪಿನಲ್ಲಿದ್ದು ಜರ್ಮನಿಯ ನೆರವಿನಿಂದ ಕೆಲಸಮಾಡುತ್ತಿದ್ದ ಬರ್ಲಿನ್ ಸಮಿತಿಯನ್ನು ಸೇರಿದ್ದರು; ಕೆಲವು ಕಾಲ ತುರ್ಕಿಯಲ್ಲಿದ್ದರು; ೧೯೧೮ರಲ್ಲಿ ಸ್ವೀಡನ್ನಿಗೆ ಹೋಗಿ ಅಲ್ಲಿ ನೆಲಸಿದರು.

ಆ ಅನುಭವದ ಫಲವೇ ‘ಫಾರ್ಟಿ-ಫೋರ್ ಮಂತ್ಸ್ ಇನ್ ಜರ್ಮನಿ ಆ್ಯಂಡ್ ಟರ್ಕಿ’. ೧೯೧೫ರ ಫೆಬ್ರವರಿಯಿಂದ ೧೯೧೮ರ ಅಕ್ಟೋಬರಿನವರೆಗಿನ ನಲವತ್ತನಾಲ್ಕು ತಿಂಗಳುಗಳನ್ನು ವಿಷಯವಾಗಿ ಉಳ್ಳ ಈ ಪುಸ್ತಕವು ೧೯೨೦ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಜರ್ಮನರ ಗರ್ವ ಮತ್ತು ಸಾಮ್ರಾಜ್ಯದಾಹ, ತುರ್ಕಿಯ ಅಧಿಕಾರಿಗಳ ನಡತೆ, ಮತಬಂಧುತ್ವದ ಹೆಸರಿನಲ್ಲಿ ನಡೆದ ರಾಜಕೀಯ ಇವುಗಳನ್ನು ಲೇಖಕರು ತೀಕ್ಷ್ಣವಾಗಿ ಖಂಡಿಸುತ್ತಾರೆ. ಬ್ರಿಟಿಷ್ ಸಾಮ್ರಾಜ್ಯವು ಒಡೆದರೆ ಏಷ್ಯದ ಜನಗಳಿಗೆ ಅದಕ್ಕಿಂತ ಕೇಡಾದ ಒಡೆಯರೇ ದೊರಕುವರು, ಭಾರತವು ಸಾಮ್ರಾಜ್ಯದೊಳಗಿದ್ದುಕೊಂಡೇ ಸ್ವಯಮಾಡಳಿತವನ್ನು ಪಡೆಯಬೇಕು, ಎಂಬುದು ಅವರ ತೀರ್ಮಾನ. ಅಂದಿನ ಸರ್ಕಾರಕ್ಕೆ ಇದು ಬಹಳ ಉಪಯೋಗಕ್ಕೆ ಬಂದಿತು.

ಈ ಪುಸ್ತಕವನ್ನು ದ್ರೋಹವೆಂದು ತಳ್ಳಿಹಾಕುವುದು ಸುಲಭ. ಪಶ್ಚಾತ್ತಾಪವೆಂದು ಸಮರ್ಥಿಸುವುದೂ ಸುಲಭ. ವಿಮರ್ಶೆಗೆ ಎರಡೂ ಸಾಲವು. ಇದರ ಒಂದು ಭಾಗವು ಸತ್ಯವೆಂಬುದನ್ನು ಒಪ್ಪಬೇಕು. ಒಂದು ಸಾಮ್ರಾಜ್ಯದ ಶತ್ರುವು ಮತ್ತೊಂದು ಸಾಮ್ರಾಜ್ಯದ ಆಳಾಗಬೇಕಾಗುವ ಅಪಾಯವನ್ನು, ಅದರೊಳಗಿದ್ದು ಕಂಡ ಭಾರತೀಯನೊಬ್ಬನು ನೇರವಾಗಿ ಹೇಳಿದ್ದಾನೆ. ದೇಶಾಂತರದಿಂದ ಹೋರಾಡುವ ಯಾವ ಕ್ರಾಂತಿಕಾರನಿಗೂ ಈ ಅಪಾಯವು ತಪ್ಪಿದ್ದಲ್ಲ. ಆದರೆ ಅಲ್ಲಿಂದ ಮುಂದಿನ ವಾದವು ನಿಲ್ಲುವುದಿಲ್ಲ. ಜರ್ಮನರು ಕೆಟ್ಟವರೆಂಬುದರಿಂದ ಇಂಗ್ಲಿಷರ ಆಳ್ವಿಕೆಯು ಒಳ್ಳೆಯದೆಂದು ಸಿದ್ಧಿಸುವುದಿಲ್ಲ. ‘ಕಚ್ಚಾ ಚಿಟ್ಠಾ’ದಲ್ಲಿ ಎಣಿಸಿದ ಕ್ಷಾಮಗಳೂ ಕಂದಾಯಗಳೂ ಸುಳ್ಳಾಗಿದ್ದುವೆಂದು ಲೇಖಕರು ಎಲ್ಲಿಯೂ ತೋರಿಸಿಕೊಟ್ಟಿಲ್ಲ. ಲೆಕ್ಕವನ್ನು ತಿದ್ದದೆ ಮೊತ್ತವನ್ನು ಮಾತ್ರ ಬದಲಾಯಿಸಿದಂತೆ ಆಗಿದೆ. ಇದಕ್ಕೆ ಮೂಲವು ಮಾರ್ಕ್ಸನನ್ನು ಕುರಿತ ಲೇಖನದಲ್ಲಿ ಕಂಡ ಪದ್ಧತಿಯೇ. ಅಲ್ಲಿ ಸಿದ್ಧಾಂತವನ್ನು ಬಿಟ್ಟು ವ್ಯಕ್ತಿಯ ಶೀಲವನ್ನು ತೂಗಿದರು. ಇಲ್ಲಿ ವ್ಯವಸ್ಥೆಯನ್ನು ಬಿಟ್ಟು ಜನಾಂಗಗಳ ಶೀಲವನ್ನು ತೂಗುತ್ತಾರೆ. ಒಬ್ಬ ವ್ಯಕ್ತಿಯ ವಿಷಯದಲ್ಲಿ ಆ ತೂಕವು ಉಚಿತವಾದುದು. ಇಡೀ ಜನಾಂಗಕ್ಕೆ ಅದನ್ನು ಅನ್ವಯಿಸಿದಾಗ ವಿವೇಚನೆಯು ಹೋಗಿ ರೋಷವು ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಪುಸ್ತಕದ ಗಮನವು ಲೇಖಕನು ಕಂಡ ಪರಕೀಯರ ಮೇಲಿದೆ. ಅವನ ಮಾತನ್ನು ನಂಬಿ ಸತ್ತವರ ಮೇಲಿಲ್ಲ. ಮತವನ್ನು ಬದಲಾಯಿಸುವುದು ವಿಚಾರವಂತನ ಹಕ್ಕು. ಆದರೆ ಮತಾಂತರಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕಾಗಿದ್ದವರು ಬರ್ಲಿನ್ನಿನ ಅಧಿಕಾರಿಗಳಲ್ಲ, ಲಾಹೋರಿನ ಸೆರೆಮನೆಯ ತರುಣರು. ಹರದಯಾಳರ ಗ್ರಂಥಗಳಲ್ಲೆಲ್ಲ ಇದು ದುರ್ಬಲವಾದುದೆನ್ನಲು ಇದೇ ಮುಖ್ಯ ಕಾರಣ.

೫

ಹನ್ನೆರಡು ವರ್ಷಗಳ ಮೇಲೆ ಹೊರಬಂದ ಬೋಧಿಸತ್ತ್ವವಿಷಯಕ ಗ್ರಂಥವು ಲಂಡನ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಗಾಗಿ ಸಿದ್ಧವಾದುದು. ಮಹಾವಸ್ತು, ಲಲಿತವಿಸ್ತರ, ಸದ್ಧರ್ಮಪುಂಡರೀಕ, ದಶಭೂಮಿಕ, ಬೋಧಿಸತ್ತ್ವಭೂಮಿ, ಬೋಧಿಚರ್ಯಾವತಾರ, ಶಿಕ್ಷಾಸಮುಚ್ಚಯ ಮುಂತಾದ ಸಂಸ್ಕೃತಗ್ರಂಥಗಳಿಂದ ವಿಷಯವನ್ನು ಸಂಗ್ರಹಿಸಿ, ಬೋಧಿಚಿತ್ತ, ಮೂವತ್ತೇಳು ಬೋಧಿಪಕ್ಷ್ಯಧರ್ಮಗಳು, ಪಾರಮಿತೆಗಳು, ಭೂಮಿಗಳು, ಕೊನೆಯ ಜನ್ಮ ಎಂಬ ಕ್ರಮದಲ್ಲಿ ನಿರೂಪಿಸಲಾಗಿದೆ. ಎಣಿಕೆಯ ಚಾಳಿಗೆ ಇಲ್ಲಿ ತಕ್ಕ ವಿಷಯವೇ ದೊರಕಿತು. ಬೌದ್ಧರಂತೆ ಎಣಿಸಿದವರು ಮತ್ತಾರು?

ಗ್ರಂಥದ ಪ್ರಧಾನ ವಾದವು ಹೀಗಿದೆ. ಕಾಲಕ್ರಮದಲ್ಲಿ ಭಿಕ್ಷುಗಳು ತಮ್ಮ ಶಾಂತಿಯನ್ನೇ ನೋಡಿಕೊಂಡು ಲೋಕದ ದುಃಖಕ್ಕೆ ಉದಾಸೀನರಾದರು. ಅರ್ಹತ್‌ಪದವಿಯ ಆದರ್ಶವು ಸಂಕುಚಿತವಾಯಿತು. ಅದಕ್ಕೆ ಪ್ರತಿಭಟನೆಯಾಗಿ ಬೋಧಿಸತ್ತ್ವನ ಆದರ್ಶವು ತಲೆಯೆತ್ತಿತು. ೧೯೧೨ರಲ್ಲಿ ಅಧ್ಯಾತ್ಮವ್ಯಸನಿಗಳನ್ನು ಖಂಡಿಸಿದ ಲೇಖನಿಯು ಇಲ್ಲಿ ಪ್ರಾಚೀನ ಭಿಕ್ಷುಗಳನ್ನು ಖಂಡಿಸುತ್ತಿದೆಯೆಂಬುದು ಸ್ಪಷ್ಟ. ನಾಗಾನಂದದ ಜೀಮೂತವಾಹನನನ್ನು ಬಲ್ಲ ಕನ್ನಡ ವಾಚಕರಿಗೆ ಈ ಆದರ್ಶದ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ.

ಆದರೆ ಗ್ರಂಥಕರ್ತರ ಮನಸ್ಸು ಪೂರ್ಣವಾಗಿ ಬಯಲಾಗುವುದು ಎರಡು ಶಬ್ದಗಳ ನಿಷ್ಪತ್ತಿಯಲ್ಲಿ. ‘ಬೋಧಿಸತ್ತ್ವ’ ಶಬ್ದದ ಉತ್ತರಾರ್ಧಕ್ಕೆ ಜೀವಿ, ಸ್ವಭಾವ, ಚಿತ್ತ, ಆಸಕ್ತ ಮೊದಲಾದ ಅರ್ಥಗಳನ್ನು ಒಂದೊಂದಾಗಿ ಪರಿಶೀಲಿಸಿ, ವೇದದ ‘ಸತ್ವನ್’ ಎಂಬ, ವೀರ ಅಥವಾ ಯೋಧ ಎಂಬರ್ಥದ, ಶಬ್ದಕ್ಕೆ ಅದು ಸಂಬಂಧಿಸಿರಬೇಕೆಂದು ಹರದಯಾಳರು ಒಲಿಯುತ್ತಾರೆ. ಟಿಬೆಟ್ಟಿನ ಅನುವಾದಕರು ಈ ಶಬ್ದಕ್ಕೆ ಕೊಟ್ಟ ಪರ್ಯಾಯದಲ್ಲಿ ಶೂರನೆಂಬ ಅರ್ಥದ ಅಂಶವಿರುವುದು ಅವರಿಗೆ ಪ್ರಬಲ ಪ್ರಮಾಣವಾಗಿದೆ. ಇನ್ನು ‘ಪಾರಮಿತಾ’ ಶಬ್ದವನ್ನು, ಆಚೆಯ ದಡವನ್ನು ಸೇರಿದುದು ಎಂಬರ್ಥದಲ್ಲಿ ‘ಪಾರ’ದಿಂದ ಸಾಧಿಸುವ ಸಂಪ್ರದಾಯವನ್ನು ಬಿಟ್ಟು, ‘ಪರಮ’ ಶಬ್ದದಿಂದ ಸಾಧಿಸಿ, ಪರಮೋತ್ಕರ್ಷವೆಂದು ಅರ್ಥಮಾಡುತ್ತಾರೆ. ಎರಡನೆಯ ನಿಷ್ಪತ್ತಿಯು ವ್ಯಾಕರಣಕ್ಕೆ ಒಪ್ಪುವಂಥದು. ಆದರೆ ಅಲ್ಲಿ ಟಿಬೆಟ್ಟಿನ ಅನುವಾದವು ‘ಆಚೆಯ ದಡಕ್ಕೆ ಹೋದುದು’ ಎಂದೇ ಸ್ಪಷ್ಟವಾಗಿ ಹೇಳುತ್ತದೆ. ಒಂದು ಶಬ್ದದಲ್ಲಿ ಟಿಬೆಟ್ಟಿನ ಸಾಕ್ಷ್ಯವು ನಿರ್ಣಾಯಕವಾಗಿ, ಇನ್ನೊಂದರಲ್ಲಿ ಆಗದೆ ಹೋದುದೇಕೆ? ಶಬ್ದಶಾಸ್ತ್ರವೊಂದರಿಂದಲೇ ಇದಕ್ಕೆ ಉತ್ತರ ದೊರಕಲಾರದು. ಎರಡು ಆಯ್ಕೆಗಳೂ ಒಂದೇ ದಿಕ್ಕಿಗೆ ಮುಖಮಾಡಿವೆ: ಬೋಧಿಸತ್ತ್ವನು ಆಚೆಯ ದಡಕ್ಕೆ ದಾಟಿಹೋಗುವವನಲ್ಲ, ಈಚೆಯ ದಡದಲ್ಲಿ ನಿಂತು ಹೋರಾಡುವ ಶೂರನು. ‘ಸತ್ವನ್’ ಎಂಬ ಊಹೆಯನ್ನು ಇಂದಿನ ವಿದ್ವಾಂಸರು ಒಪ್ಪಲಿ, ಬಿಡಲಿ. ಅದನ್ನು ಒಪ್ಪಬೇಕೆಂಬ ಹಂಬಲವು ಒಬ್ಬ ಹಳೆಯ ಕ್ರಾಂತಿಕಾರನದೆಂಬುದರಲ್ಲಿ ಸಂಶಯವಿಲ್ಲ.

ಹಾಗೆಂದು ಇದನ್ನು ವೇಷಮರೆಸಿಕೊಂಡ ‘ಗದರ್’ ಎನ್ನುವುದು ತಪ್ಪಾಗುವುದು. ಕಾರಣವೇನೆಂದರೆ ಪಾರಮಿತೆಗಳಲ್ಲಿ ವೀರ್ಯದ ಜೊತೆಗೆ ಕ್ಷಾಂತಿಯೂ ಇದೆ. ಶಾಂತಿದೇವನ ಬೋಧಿಚರ್ಯಾವತಾರದ ಕ್ಷಾಂತಿಪ್ರಕರಣದಲ್ಲಿ, ಕೋಪವು ಕಲ್ಪಗಳ ಪುಣ್ಯವನ್ನು ಸುಡುತ್ತದೆಂದೂ, ಕ್ಷಮೆಯನ್ನು ಅಭ್ಯಾಸಮಾಡಲು ಅವಕಾಶ ಕೊಡುವುದರಿಂದ ಶತ್ರುವೇ ಉಪಕಾರಿಯೆಂದೂ ವಾದಿಸಲಾಗಿದೆ. ತಲೆಬರಹದಲ್ಲಿ ‘ಶತ್ರು’ವೆಂದು ಘೋಷಿಸಿಕೊಂಡ ಪತ್ರಿಕೆಯ ಸಂಪಾದಕರು ಈ ಗ್ರಂಥವನ್ನು ತಮ್ಮ ಮುಖ್ಯ ಆಕರಗಳಲ್ಲಿ ಒಂದಾಗಿ ಇಟ್ಟುಕೊಂಡು ವರ್ಷಗಟ್ಟಲೆ ಬಾಳಿದರು. ಶೌರ್ಯವನ್ನು ಉಳಿಸಿಕೊಂಡು ಶತ್ರುತ್ವವನ್ನು ಬಿಡಲು ಸಾಧ್ಯವೆ, ಎಂಬ ಪ್ರಶ್ನೆಗೆ ೧೯೨೦ರ ಪುಸ್ತಕವು ಒಬ್ಬ ಶತ್ರುವನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯುವ ಉತ್ತರವನ್ನು ಕೊಟ್ಟಿತ್ತು. ೧೯೩೨ರ ಗ್ರಂಥವು ಶತ್ರುವಿಲ್ಲದ ಶೂರನನ್ನು ಮುಂದಿಟ್ಟಿತು. ಹರದಯಾಳರ ನಿಜವಾದ ಮತಾಂತರವು ಇಲ್ಲಿದೆ. ಅದು ಸಾಧನೆಯಿಂದ ಬಂದುದಾದುದರಿಂದ ಗೌರವಕ್ಕೆ ಪಾತ್ರವಾಗಿದೆ.

ದೋಷಗಳೂ ಇವೆ. ಬೋಧಿಸತ್ತ್ವವಾದದ ಉತ್ಪತ್ತಿಗೆ ಭಾಗವತ ಶೈವ ಮತಗಳು, ಪಾರಸಿಕಧರ್ಮ, ಗ್ರೀಕ್ ಶಿಲ್ಪ, ಕ್ರೈಸ್ತಮತ ಎಂದು ಕಾರಣಗಳನ್ನು ಪಟ್ಟಿಮಾಡಿದ್ದಾರೆ. ಎಣಿಸಿದುದೆಲ್ಲವೂ ಒಂದೇ ತೂಕದ್ದಾಗಿ ಕಾಣುವುದು ಪಟ್ಟಿಯ ದೋಷ. ಕರುಣೆಯ ನಿರೂಪಣೆಯಲ್ಲಿ ಕಾಣುವ ಆಸಕ್ತಿಯು ಶೂನ್ಯತಾವಿಚಾರದಲ್ಲಿ ಕಾಣುವುದಿಲ್ಲ. ಮಹಾಯಾನದಲ್ಲಿ ಪ್ರಜ್ಞೆಯೂ ಕರುಣೆಯೂ ಹಕ್ಕಿಯ ಎರಡು ರೆಕ್ಕೆಗಳಂತಿವೆ. ಗ್ರಂಥಕರ್ತರು ಒಂದು ರೆಕ್ಕೆಯನ್ನು ಪ್ರೀತಿಸಿ ಇನ್ನೊಂದನ್ನು ಸಹಿಸಿಕೊಂಡಿದ್ದಾರೆ.

೬

೧೯೩೪ರ ‘ಹಿಂಟ್ಸ್ ಫಾರ್ ಸೆಲ್ಫ್ ಕಲ್ಚರ್’ ಸಾಮಾನ್ಯ ವಾಚಕರಲ್ಲಿ ಬಹಳ ಪ್ರಚಾರವಾಯಿತು. ಬುದ್ಧಿ, ದೇಹ, ಸೌಂದರ್ಯ, ನೀತಿ ಎಂಬ ನಾಲ್ಕು ಸಂಸ್ಕಾರಗಳಾಗಿ ಇದನ್ನು ವಿಭಾಗಿಸಿದೆ. ತರುಣ ವಾಚಕನನ್ನು ಎದುರಿಗೆ ಕುಳ್ಳಿರಿಸಿಕೊಂಡು ಓದತಕ್ಕ ವಿದ್ಯೆಗಳನ್ನೂ ಗ್ರಂಥಗಳನ್ನೂ ಸೂಚಿಸುವ ಧಾಟಿ ಇದರದು. ನೀತಿಭಾಗದಲ್ಲಿ ಮನುಷ್ಯನ ಕರ್ತವ್ಯವು ಕುಟುಂಬದಿಂದ ಪ್ರಾರಂಭವಾಗಿ ವಿಶ್ವರಾಜ್ಯದವರೆಗೆ ಒಂದರ ಹೊರಗೊಂದು ವೃತ್ತಗಳಂತೆ ವಿಸ್ತರಿಸುತ್ತದೆ. ರಾಷ್ಟ್ರವೂ ಅವುಗಳಲ್ಲಿ ಒಂದು ವೃತ್ತ, ಕೊನೆಯದಲ್ಲ. ಪಾರಮಿತೆಗಳನ್ನು ವಿಚಾರವಾದದ ಭಾಷೆಯಲ್ಲಿ ಗೃಹಸ್ಥನಿಗೆ ಹೇಳಿದಂತಿದೆ. ಹರಹು ಹೆಚ್ಚು, ಆಳ ಕಡಮೆ. ಆದರೂ ‘ಗದರ್’ ಪತ್ರಿಕೆಯ ಪ್ರಶ್ನೋತ್ತರದಲ್ಲಿದ್ದ ಆಪ್ತತೆಯು ಇದರಲ್ಲಿ ಮತ್ತೆ ಕಾಣಿಸಿಕೊಂಡಿದೆ. ಅಲ್ಲಿ ತರುಣನನ್ನು ಸಾಯಲು ಕರೆದ ಲೇಖಕನು ಇಲ್ಲಿ ಅವನನ್ನು ಬಾಳಲು ಕರೆಯುತ್ತಾನೆ. ೧೯೩೮ರಲ್ಲಿ ಪ್ರಕಟವಾದ ‘ಟ್ವೆಲ್ವ್ ರಿಲಿಜನ್ಸ್ ಆ್ಯಂಡ್ ಮಾಡರ್ನ್ ಲೈಫ್’ ಇದೇ ದಾರಿಯ ಮುಂದಿನ ಹೆಜ್ಜೆ. ಆ ವರ್ಷ ಸ್ವದೇಶಕ್ಕೆ ಹಿಂದಿರುಗಲು ಸರ್ಕಾರದ ಅನುಮತಿ ದೊರಕಿತಾದರೂ, ೧೯೩೯ರ ಮಾರ್ಚ್ ೪ರಂದು ಅವರು ಫಿಲಡೆಲ್ಫಿಯದಲ್ಲಿ ತೀರಿಕೊಂಡರು.

ಮೊದಲು ಎತ್ತಿದ ಎರಡು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದಾಗಿದೆ. ಸಿದ್ಧಿಯನ್ನು ಪರರಿಗಾಗಿ ಮುಂದೂಡುವ ವ್ಯಕ್ತಿಯ ಆದರ್ಶವೇ ಈ ಬರಹಗಳ ಸೂತ್ರ. ಋಷಿ, ಹುತಾತ್ಮ, ಬೋಧಿಸತ್ತ್ವ, ಸುಸಂಸ್ಕೃತ ನಾಗರಿಕ ಎಂದು ಅವನಿಗೆ ಬೇರೆ ಬೇರೆ ಹೆಸರುಗಳು ಬಂದಿವೆ. ಆ ಸೂತ್ರವು ಕಡಿದುಹೋಗುವುದು ೧೯೨೦ರ ಪುಸ್ತಕವೊಂದರಲ್ಲಿ ಮಾತ್ರ. ಅಲ್ಲಿ ತ್ಯಾಗಮಾಡುವವನ ಸುಳಿವಿಲ್ಲ, ಭ್ರಮನಿರಸನಗೊಂಡವನ ದನಿ ಮಾತ್ರ ಇದೆ. ಎರಡನೆಯ ಪ್ರಶ್ನೆಗೆ ಉತ್ತರವು ಕಷ್ಟವಾದುದು. ‘ಗದರ್’ ಪತ್ರಿಕೆಯ ಗದ್ಯವು ತನ್ನನ್ನು ಬರೆದವನ ಕೈಬಿಟ್ಟು, ಅದನ್ನು ಪ್ರಾಣದಿಂದ ಕೊಂಡವರ ಸ್ವತ್ತಾಯಿತು. ಆದುದರಿಂದ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರವು ೧೯೨೦ರ ವೇಳೆಗೆ ಹರದಯಾಳರಿಗೆ ಉಳಿದಿರಲಿಲ್ಲ. ಆ ಋಣವನ್ನು ಅವರು ಎಲ್ಲಿಯೂ ಹೆಸರಿಟ್ಟು ಒಪ್ಪಿಕೊಳ್ಳಲಿಲ್ಲ. ಆದರೆ ತಾನು ಪಾರಾಗುವುದನ್ನು ಬಿಟ್ಟು ಉಳಿದವರಿಗಾಗಿ ಹಿಂದೆ ನಿಲ್ಲುವ ಶೂರನನ್ನು ಕುರಿತು ಅಷ್ಟು ಶ್ರದ್ಧೆಯಿಂದ ಬರೆದರು. ಸ್ವಾತಂತ್ರ್ಯಚಳವಳಿಯ ಸಾಹಿತ್ಯವನ್ನು ಬೋಧಿಸುವ ಅಧ್ಯಾಪಕರು ‘ಗದರ್’ ಪತ್ರಿಕೆಯನ್ನೂ ಬೋಧಿಸತ್ತ್ವಗ್ರಂಥವನ್ನೂ, ನಡುವಣ ಆ ಅಹಿತವಾದ ಪುಸ್ತಕವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿಸಿದರೆ, ಈ ಲೇಖಕನಿಗೆ ನ್ಯಾಯವನ್ನು ಮಾಡಿದಂತಾಗುವುದು.